ಸೋದರಳಿಯನ ಹೆಸರಿನ ಶಬ್ದ

‘ಬಡಿಸುವವನು ನಮ್ಮವನಾದರೆ ಕೊನೆಯ ಪಂಕ್ತಿಯಲ್ಲಿ ಕುಳಿತರೇನು’ ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಮದುವೆಮನೆಯ ಊಟದಲ್ಲಿ ಹೇಳಿದಾಗ ಅದು ನಗೆಯ ಮಾತು. ಪಕ್ಕದವನ ಎಲೆಗೆ ಒಂದು ಹೋಳಿಗೆ ಬಿದ್ದಲ್ಲಿ ನಮ್ಮ ಎಲೆಗೆ ಎರಡು ಬಿದ್ದರೆ ಯಾರೂ ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ಅದೇ ಮಾತನ್ನು ಕಚೇರಿಯ ಬಾಗಿಲಿನಲ್ಲಿಯೋ ಆಯ್ಕೆ ಸಮಿತಿಯ ಕೋಣೆಯಲ್ಲಿಯೋ ಹೇಳಿ ನೋಡಿ, ನಗೆ ಅಡಗಿಬಿಡುತ್ತದೆ. ಏಕೆಂದರೆ ಅಲ್ಲಿ ಬಡಿಸುವವನ ಕೈಯಲ್ಲಿರುವ ಪಾತ್ರೆ ಅವನ ಮನೆಯದಲ್ಲ.

ಇಂಥ ಬಡಿಸುವಿಕೆಗೆ ಇಂಗ್ಲಿಷಿನಲ್ಲಿ ‘ನೆಪೊಟಿಸಂ’ ಎಂಬ ನಾಮಪದವಿದೆ. ಅಂಥ ನಡತೆಯನ್ನು, ಅಂಥ ನೇಮಕವನ್ನು, ಅಂಥ ಆಡಳಿತವನ್ನು ಬಣ್ಣಿಸಲು ‘ನೆಪೊಟಿಸ್ಟಿಕ್’ ಎಂಬ ವಿಶೇಷಣವಿದೆ. ನಮ್ಮ ನಿಘಂಟುಗಳು ಇವಕ್ಕೆ ‘ಸ್ವಜನಪಕ್ಷಪಾತ’, ‘ಸ್ವಜನಪಕ್ಷಪಾತದ’ ಎಂದು ಅರ್ಥ ಕೊಡುತ್ತವೆ. ಅರ್ಥವೇನೋ ಸರಿ. ಆದರೆ ಅರ್ಥ ತಿಳಿದ ಮಾತ್ರಕ್ಕೆ ಶಬ್ದದ ಒಳಗು ತಿಳಿಯುವುದಿಲ್ಲ. ಈ ಶಬ್ದದ ಬೇರನ್ನು ಅಗೆದು ನೋಡಿದರೆ ಅಲ್ಲಿ ಪಕ್ಷವೂ ಇಲ್ಲ, ಪಾತವೂ ಇಲ್ಲ. ಒಬ್ಬ ಸೋದರಳಿಯ ನಿಂತಿದ್ದಾನೆ. ಅವನು ಅಲ್ಲಿಗೆ ಹೇಗೆ ಬಂದ, ಎಷ್ಟು ಕಾಲ ನಿಂತ, ಅವನ ಹೆಸರು ಒಂದು ದೋಷದ ಹೆಸರು ಹೇಗಾಯಿತು ಎಂಬುದೇ ಇಂದಿನ ನನ್ನ ಮಾತಿನ ವಿಷಯ. ಈ ಶಬ್ದದ ಬೆನ್ನು ಹತ್ತುವುದಕ್ಕೆ ನನಗೆ ಸ್ವಂತದ್ದೊಂದು ಕಾರಣವೂ ಉಂಟು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಲ್ಯಾಟಿನ್ ಭಾಷೆಯಲ್ಲಿ ‘ನೆಪೊಸ್’ ಎಂದೊಂದು ಶಬ್ದ. ಮೊದಲಿಗೆ ಅದರ ಅರ್ಥ ಮೊಮ್ಮಗ ಎಂದು. ಒಟ್ಟಾರೆ ಸಂತತಿ ಎಂದೂ ಬಳಕೆಯಿತ್ತು. ಒಡಹುಟ್ಟಿದವರ ಮಗ ಎಂಬ ಅರ್ಥ ಅನಂತರ ಬಂದು ಸೇರಿತು. ಈ ‘ನೆಪೊಸ್’ ನಮಗೆ ತೀರ ಅಪರಿಚಿತನಲ್ಲ. ಸಂಸ್ಕೃತದ ‘ನಪಾತ್’, ‘ನಪ್ತೃ’ ಎಂಬ ಶಬ್ದಗಳು ಇದರ ದಾಯಾದಿಗಳು. ಋಗ್ವೇದದಲ್ಲಿ ‘ಅಪಾಂ ನಪಾತ್’ ಎಂಬ ದೇವತೆಯಿದೆ, ನೀರಿನ ಸಂತಾನ ಎಂದು ಅದರರ್ಥ. ಅಗ್ನಿಗೆ ‘ತನೂನಪಾತ್’ ಎಂಬ ಹೆಸರಿರುವುದನ್ನು ನಮ್ಮ ಹಳೆಯ ಕಾವ್ಯಗಳನ್ನು ಓದಿದವರು ಬಲ್ಲರು. ಹಿಂದಿಯಲ್ಲಿ ಮಗಳ ಮಗನನ್ನು ‘ನಾತಿ’ ಎಂದು ಕರೆಯುವುದೂ ಈ ‘ನಪ್ತೃ’ವಿನಿಂದಲೇ. ಲ್ಯಾಟಿನ್ನಿನ ‘ನೆಪೊಸ್’ ಫ್ರೆಂಚಿಗೆ ಹೋಗಿ ‘ನವೂ’ ಆಯಿತು. ಅಲ್ಲಿಂದ ಇಂಗ್ಲಿಷಿಗೆ ಬಂದು ‘ನೆಫ್ಯೂ’ ಆಯಿತು. ಇಟಲಿಯ ಭಾಷೆಯಲ್ಲಿ ಅದು ‘ನಿಪೋತೆ’. ವಿಚಿತ್ರವೆಂದರೆ ಇಟಲಿಯವರು ಇಂದಿಗೂ ಮೊಮ್ಮಗನನ್ನೂ ಸೋದರನ ಮಗನನ್ನೂ ಸೋದರಿಯ ಮಗನನ್ನೂ ಅದೇ ‘ನಿಪೋತೆ’ ಎಂಬ ಒಂದೇ ಶಬ್ದದಿಂದ ಕರೆಯುತ್ತಾರೆ.

ಇನ್ನೊಂದು ಸ್ವಾರಸ್ಯವಿದೆ. ಹಳೆಯ ಲ್ಯಾಟಿನ್ನಿನಲ್ಲಿ ‘ನೆಪೊಸ್’ ಎಂದರೆ ದುಂದುಗಾರ, ಹಿರಿಯರ ಗಳಿಕೆಯನ್ನು ಹಾಳುಮಾಡುವವನು ಎಂದೂ ಅರ್ಥವಿತ್ತು. ಅಜ್ಜನ ದುಡ್ಡನ್ನು ಮೊಮ್ಮಗ ಕರಗಿಸುವುದು ಎಲ್ಲ ಕಾಲದ, ಎಲ್ಲ ದೇಶದ ಕಥೆಯೇ ಇರಬೇಕು. ‘ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ’ ಎನ್ನುವ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕನ್ನಡಕ್ಕೆ ಬಂದರೆ, ‘ನೆಫ್ಯೂ’ ಎಂಬುದಕ್ಕೆ ನಮ್ಮಲ್ಲಿ ಸರಿಸಮನಾದ ಒಂದು ಶಬ್ದವೇ ಇಲ್ಲ. ಅಣ್ಣತಮ್ಮಂದಿರ ಮಗ ನಮಗೆ ಮಗನೇ. ಅವನಿಗೆ ನಾವು ದೊಡ್ಡಪ್ಪ ಅಥವಾ ಚಿಕ್ಕಪ್ಪ. ಅಕ್ಕತಂಗಿಯರ ಮಗ ಮಾತ್ರ ಅಳಿಯ. ಅವನಿಗೆ ನಾವು ಸೋದರಮಾವ. ಮಗಳನ್ನು ಮದುವೆಯಾದವನೂ ಅಳಿಯನೇ ಆಗಿರುವುದು ನಮ್ಮ ಬಳಗದ ಕಟ್ಟನ್ನು ತೋರಿಸುತ್ತದೆ. ತುಳುನಾಡಿನಲ್ಲಿ ಅಳಿಯಸಂತಾನವೆಂಬ ಕಟ್ಟಳೆಯೇ ಇತ್ತು. ಅಲ್ಲಿ ಮನೆತನದ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುತ್ತಿತ್ತು, ಮಾವನ ಯಜಮಾನಿಕೆ ಅಳಿಯನಿಗೆ ಸಲ್ಲುತ್ತಿತ್ತು. ಅದನ್ನು ಯಾರೂ ಪಕ್ಷಪಾತ ಎನ್ನಲಿಲ್ಲ. ಮನೆಯ ಆಸ್ತಿ ಮನೆಯ ಕಟ್ಟಳೆಯಂತೆ ಮನೆಯವರಿಗೇ ಸಂದಿತು. ತೊಡಕು ಬರುವುದು ಮನೆಯದಲ್ಲದ್ದು ಅಳಿಯನ ಕೈಗೆ ಹೋದಾಗ. ಅದು ದೊಡ್ಡ ಪ್ರಮಾಣದಲ್ಲಿ, ಎಲ್ಲರ ಕಣ್ಣೆದುರಿಗೆ, ಶತಮಾನಗಳ ಕಾಲ ನಡೆದದ್ದು ರೋಮಿನಲ್ಲಿ. ನಮ್ಮ ಶಬ್ದ ಹುಟ್ಟಿದ್ದೂ ಅಲ್ಲೇ.

ರೋಮಿನ ಪೋಪ್ ಕೆಥೊಲಿಕ್ ಕ್ರೈಸ್ತರ ಧರ್ಮಗುರು. ಆದರೆ ೧೮೭೦ರವರೆಗೆ ಅವನು ಬರಿಯ ಧರ್ಮಗುರುವಾಗಿರಲಿಲ್ಲ; ಇಟಲಿಯ ನಡುಭಾಗದ ರಾಜ್ಯವೊಂದರ ದೊರೆಯೂ ಆಗಿದ್ದ. ಸೈನ್ಯ, ಕೋಟೆ, ಕಂದಾಯ, ನ್ಯಾಯಸ್ಥಾನ ಎಲ್ಲವೂ ಅವನಿಗಿದ್ದವು. ಇಲ್ಲದ್ದು ಒಂದೇ: ವಾರಸುದಾರ. ಪಾದ್ರಿಗಳು ಮದುವೆಯಾಗಕೂಡದೆಂಬ ನಿಯಮವನ್ನು ೧೧೨೩ ಮತ್ತು ೧೧೩೯ರ ಲ್ಯಾಟೆರನ್ ಸಭೆಗಳು ಬಿಗಿಗೊಳಿಸಿದ್ದವು. ಆ ನಿಯಮದ ಉದ್ದೇಶಗಳಲ್ಲಿ ಒಂದು ಚರ್ಚಿನ ಸೊತ್ತು ಪಾದ್ರಿಗಳ ಮಕ್ಕಳ ಪಾಲಾಗದಿರಲಿ ಎಂಬುದು. ಮಗನಿಗೆ ಬಾಗಿಲು ಮುಚ್ಚಿತು. ಆದರೆ ಪಕ್ಕದ ಬಾಗಿಲಿನಿಂದ ಸೋದರಳಿಯ ಒಳಗೆ ಬಂದ.

ಹೀಗಾಗಲು ಕಾರಣವೂ ಇತ್ತು, ಅದನ್ನು ಮರೆಯಬಾರದು. ಪೋಪನಾಗಿ ಆರಿಸಿಬರುವವನು ಸಾಮಾನ್ಯವಾಗಿ ಮುದುಕ. ಆರಿಸಿದ ಕಾರ್ಡಿನಲ್ಲರು, ಎಂದರೆ ಚರ್ಚಿನ ಅತ್ಯುನ್ನತ ಸಲಹೆಗಾರರು, ಹಿಂದಿನ ಪೋಪರು ನೇಮಿಸಿದವರು. ಅವರಲ್ಲಿ ಅನೇಕರು ಅವನ ಪ್ರತಿಸ್ಪರ್ಧಿಗಳು. ಸುತ್ತಮುತ್ತ ಕೊಲೊನ್ನಾ, ಒರ್ಸೀನಿ ಮೊದಲಾದ ರೋಮಿನ ಬಲಾಢ್ಯ ಮನೆತನಗಳು. ಹೊಸಬನಾದ ಆ ಮುದುಕ ಯಾರನ್ನು ನಂಬಬೇಕು? ರಕ್ತಸಂಬಂಧವಿದ್ದವನು ಕೈಬಿಡಲಾರನೆಂಬ ಭರವಸೆಯಿಂದ ತನ್ನ ಅಕ್ಕನ ಮಗನನ್ನೋ ಅಣ್ಣನ ಮಗನನ್ನೋ ಕರೆಸಿಕೊಳ್ಳುತ್ತಿದ್ದ. ಹೆದರಿಕೆಯಿಂದ ಹುಟ್ಟಿದ ಈ ಪದ್ಧತಿ ಕ್ರಮೇಣ ಹಕ್ಕಾಗಿ ಬೆಳೆಯಿತು.

ಮೂರನೆಯ ಕ್ಯಾಲಿಕ್ಸ್‌ಟಸ್ ೧೪೫೬ರಲ್ಲಿ ತನ್ನ ಇಬ್ಬರು ಸೋದರಳಿಯಂದಿರನ್ನು ಕಾರ್ಡಿನಲ್ ಪದವಿಗೇರಿಸಿದ. ಅವರಲ್ಲೊಬ್ಬ ಇಪ್ಪತ್ತೈದು ವರ್ಷದ ರೊಡ್ರಿಗೊ ಬೋರ್ಜಾ. ಮುಂದೆ ೧೪೯೨ರಲ್ಲಿ ಆರನೆಯ ಅಲೆಕ್ಸಾಂಡರ್ ಎಂಬ ಹೆಸರಿನಿಂದ ತಾನೇ ಪೋಪನಾದವನು. ೧೪೭೧ರಲ್ಲಿ ಪೀಠವೇರಿದ ನಾಲ್ಕನೆಯ ಸಿಕ್ಸ್‌ಟಸ್ ಇನ್ನೂ ಮುಂದೆ ಹೋದ. ಅವನು ಬಡಕುಟುಂಬದಿಂದ ಬಂದ ಸನ್ಯಾಸಿ, ವಿದ್ವಾಂಸ. ಪೀಠವೇರಿದ ವರ್ಷವೇ ಇಬ್ಬರು ನೆಂಟರನ್ನು ಕಾರ್ಡಿನಲ್ ಮಾಡಿದ. ಮುಂದೆ ಮತ್ತೂ ಕೆಲವರನ್ನು. ಅವರಲ್ಲಿ ಪಿಯೆತ್ರೊ ರಿಯಾರಿಯೊ ದುಂದಿಗೆ ಹೆಸರಾಗಿ, ಮೂವತ್ತು ತುಂಬುವ ಮೊದಲೇ ೧೪೭೪ರಲ್ಲಿ ತೀರಿಕೊಂಡ. ಹಳೆಯ ಲ್ಯಾಟಿನ್ ಶಬ್ದದ ಎರಡು ಅರ್ಥಗಳೂ ಅವನಲ್ಲಿ ಕೂಡಿದ್ದವು. ಇನ್ನೊಬ್ಬ ಸೋದರಳಿಯ ಜಿರೋಲಮೊ ರಿಯಾರಿಯೊನ ರಾಜ್ಯದಾಸೆ ೧೪೭೮ರಲ್ಲಿ ಫ್ಲಾರೆನ್ಸಿನ ದೇವಾಲಯದೊಳಗೇ ರಕ್ತ ಹರಿಸಿದ ಪಾತ್ಸಿ ಪಿತೂರಿಯಲ್ಲಿ ಕೈಯಿಟ್ಟಿತ್ತು. ಮೆದಿಚಿ ಮನೆತನದ ಜೂಲಿಯಾನೊ ಅಂದು ಕೊಲೆಯಾದ.

ಈ ಸಿಕ್ಸ್‌ಟಸ್ಸನ ಕಾಲದ ಒಂದು ಚಿತ್ರವಿದೆ. ಮೆಲೊತ್ಸೊ ದ ಫೋರ್ಲಿ ಎಂಬ ಕಲಾವಿದ ಸುಮಾರು ೧೪೭೭ರಲ್ಲಿ ವ್ಯಾಟಿಕನ್ ಗ್ರಂಥಾಲಯದ ಗೋಡೆಯ ಮೇಲೆ ಬರೆದದ್ದು. ಈಗ ಅದನ್ನು ಅಲ್ಲಿನ ಚಿತ್ರಶಾಲೆಯಲ್ಲಿ ಇಟ್ಟಿದ್ದಾರೆ. ಅದರ ಅಚ್ಚುಪ್ರತಿಯೊಂದನ್ನು ನಾನು ಬಹಳ ಹೊತ್ತು ನೋಡುತ್ತ ಕುಳಿತದ್ದುಂಟು. ಪೋಪ್ ಕುರ್ಚಿಯಲ್ಲಿ ಕುಳಿತಿದ್ದಾನೆ. ಪ್ಲಾತಿನ ಎಂಬ ವಿದ್ವಾಂಸನನ್ನು ಗ್ರಂಥಾಲಯದ ಮುಖ್ಯಸ್ಥನನ್ನಾಗಿ ನೇಮಿಸುವ ಸಂದರ್ಭ. ಗ್ರಂಥಾಲಯಕ್ಕೆ ಸಂಬಂಧಪಟ್ಟವನು ಪ್ಲಾತಿನನೊಬ್ಬನೇ, ಅವನು ಮಂಡಿಯೂರಿದ್ದಾನೆ. ಉಳಿದಂತೆ ಚಿತ್ರದ ತುಂಬ ನಿಂತಿರುವವರು ಪೋಪನ ಸೋದರಳಿಯಂದಿರು. ಅವರಿಗೂ ಪುಸ್ತಕಗಳಿಗೂ ಏನು ಸಂಬಂಧವೆಂದು ಚಿತ್ರಕಾರನೂ ಕೇಳಲಿಲ್ಲ, ಬರೆಸಿದವನೂ ಕೇಳಲಿಲ್ಲ. ಅವರು ಅಲ್ಲಿರುವುದು ಸಹಜವೆಂದೇ ಎಲ್ಲರ ಭಾವನೆ.

ಈ ಮಾತನ್ನು ನಾನು ಒತ್ತಿ ಹೇಳಬೇಕಾಗಿದೆ. ಇಂದು ನಾವು ಈ ದೋಷವನ್ನು ಕದ್ದುಮುಚ್ಚಿ ಮಾಡುವ ಕೆಲಸವೆಂದು ತಿಳಿಯುತ್ತೇವೆ. ಹುಟ್ಟಿದಾಗ ಅದು ಹಾಗಿರಲಿಲ್ಲ. ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿಕೊಳ್ಳುವಷ್ಟು ಬಹಿರಂಗವಾಗಿತ್ತು. ೧೫೩೪ರಲ್ಲಿ ಪೋಪನಾದ ಮೂರನೆಯ ಪಾಲ್ ಅದೇ ವರ್ಷದ ಡಿಸೆಂಬರಿನಲ್ಲಿ ಇಬ್ಬರನ್ನು ಕಾರ್ಡಿನಲ್ ಮಾಡಿದ: ಒಬ್ಬನಿಗೆ ಹದಿನಾಲ್ಕು ವರ್ಷ, ಮತ್ತೊಬ್ಬನಿಗೆ ಹದಿನಾರು. ಇಬ್ಬರೂ ಅವನ ಸ್ವಂತ ಮೊಮ್ಮಕ್ಕಳು. ‘ನಿಪೋತೆ’ ಎಂಬ ಶಬ್ದಕ್ಕೆ ಎರಡೂ ಅರ್ಥವಿದ್ದುದು ಇಲ್ಲಿ ಅನುಕೂಲವೇ ಆಯಿತು.

ಹದಿನಾರನೆಯ ಶತಮಾನದ ನಡುವಿನಿಂದ ಇದಕ್ಕೆ ಒಂದು ಕಚೇರಿಯ ರೂಪವೇ ಬಂತು. ‘ಕಾರ್ಡಿನಲ್ ಸೋದರಳಿಯ’ ಎಂಬುದು ಒಂದು ಹುದ್ದೆಯಾಯಿತು. ವಿದೇಶದ ರಾಯಭಾರಿಗಳೊಡನೆ ಪತ್ರವ್ಯವಹಾರ, ರಾಜ್ಯದ ಆಡಳಿತದ ಮೇಲ್ವಿಚಾರಣೆ ಅವನ ಹೆಸರಿನಲ್ಲಿ ನಡೆಯುತ್ತಿದ್ದವು. ಇದು ಎಷ್ಟರಮಟ್ಟಿಗೆ ಹುದ್ದೆಯೆಂದರೆ, ಯೋಗ್ಯನಾದ ಸೋದರಳಿಯ ಇಲ್ಲದಿದ್ದರೆ ಒಬ್ಬನನ್ನು ತಂದು ಕೂರಿಸಬೇಕಾಗುತ್ತಿತ್ತು. ಹತ್ತನೆಯ ಇನೊಸೆಂಟನ ನಿಜವಾದ ಸೋದರಪುತ್ರ ಕಮಿಲ್ಲೊ ಪಾಂಫೀಲಿ ೧೬೪೭ರಲ್ಲಿ ಕಾರ್ಡಿನಲ್ ಪದವಿಯನ್ನು ಬಿಟ್ಟು ಮದುವೆಯಾಗಿಬಿಟ್ಟ. ಪೋಪ್ ೧೬೫೦ರಲ್ಲಿ ಕಮಿಲ್ಲೊ ಅಸ್ತಲ್ಲಿ ಎಂಬ ಯುವಕನನ್ನು ದತ್ತು ತೆಗೆದುಕೊಂಡು, ತನ್ನ ಮನೆತನದ ಹೆಸರು ಕೊಟ್ಟು, ಆ ಸ್ಥಾನದಲ್ಲಿ ಕೂರಿಸಿದ. ೧೬೭೦ರಲ್ಲಿ ಪೋಪನಾದ ಹತ್ತನೆಯ ಕ್ಲೆಮೆಂಟನೂ ಹೀಗೆಯೇ ಪಲುತ್ಸೊ ಎಂಬ ಕಾರ್ಡಿನಲ್ಲನಿಗೆ ತನ್ನ ಅಲ್ತಿಯೇರಿ ಎಂಬ ಕುಲನಾಮ ಕೊಟ್ಟು ‘ಸೋದರಳಿಯ’ನನ್ನಾಗಿ ಮಾಡಿಕೊಂಡ. ಮೊದಲು ನೆಂಟನಿಗಾಗಿ ಹುದ್ದೆ ಹುಟ್ಟಿತ್ತು. ಈಗ ಹುದ್ದೆಗಾಗಿ ನೆಂಟನನ್ನು ಹುಟ್ಟಿಸಬೇಕಾಯಿತು.

ಇವರೆಲ್ಲರೂ ಕೆಟ್ಟವರೇ ಎಂದು ಕೇಳುವಿರಿ. ಅಲ್ಲ, ಈ ಕಥೆಯ ತೊಡಕಿರುವುದೇ ಅಲ್ಲಿ. ಸಿಕ್ಸ್‌ಟಸ್ಸನ ಚಿತ್ರದಲ್ಲಿ ಕೆಂಪು ನಿಲುವಂಗಿ ತೊಟ್ಟು ನಿಂತಿರುವ ಜೂಲಿಯಾನೊ ದೆಲ್ಲ ರೊವೆರೆ ೧೫೦೩ರಲ್ಲಿ ಎರಡನೆಯ ಜೂಲಿಯಸ್ ಎಂಬ ಪೋಪನಾದ. ಮೈಕೆಲೆಂಜೆಲೊನಿಂದ ಸಿಸ್ಟೈನ್ ದೇಗುಲದ ಮಾಳಿಗೆಯ ಚಿತ್ರಗಳನ್ನು ಬರೆಸಿದವನು ಅವನೇ. ಐದನೆಯ ಪಾಲ್ ೧೬೦೫ರಲ್ಲಿ ತನ್ನ ಸೋದರಿಯ ಮಗ ಶಿಪಿಯೊನೆಯನ್ನು ಬೋರ್ಗೇಸೆ ಮನೆತನಕ್ಕೆ ಸೇರಿಸಿಕೊಂಡು ಕಾರ್ಡಿನಲ್ ಮಾಡಿದ. ತರುಣ ಶಿಲ್ಪಿ ಬರ್ನೀನಿಯನ್ನು ಪೋಷಿಸಿದವನು ಆ ಶಿಪಿಯೊನೆ. ಅವನು ಕೂಡಿಸಿದ ಕಲಾಸಂಗ್ರಹವನ್ನು ಇಟಲಿಯ ಸರಕಾರ ೧೯೦೨ರಲ್ಲಿ ಕೊಂಡುಕೊಂಡಿತು. ಇಂದು ಜಗತ್ತೆಲ್ಲ ಹೋಗಿ ಅದನ್ನು ನೋಡಿ ಬರುತ್ತದೆ. ಆದರೆ ಅದೇ ಸಂಗ್ರಹಕ್ಕಾಗಿ ೧೬೦೭ರಲ್ಲಿ ಚಿತ್ರಕಾರನೊಬ್ಬನ ಬಳಿಯಿದ್ದ ನೂರಕ್ಕೂ ಹೆಚ್ಚು ಚಿತ್ರಗಳನ್ನು ಪೋಪನ ಅಧಿಕಾರಿಗಳು ಜಪ್ತಿ ಮಾಡಿ ತಂದರು. ಮರುವರ್ಷ ಪೆರೂಜದ ಚರ್ಚೊಂದರಿಂದ ರಫಾಯೆಲ್ ಬರೆದ ಚಿತ್ರವನ್ನು ರಾತ್ರೋರಾತ್ರಿ ಸಾಗಿಸಿದರು.

ಎಲ್ಲಕ್ಕಿಂತ ಕಷ್ಟದ ಉದಾಹರಣೆ ಕಾರ್ಲೊ ಬೊರೊಮೆಯೊನದು. ನಾಲ್ಕನೆಯ ಪಯಸ್ ಅವನ ತಾಯಿಯ ಅಣ್ಣ, ಎಂದರೆ ನಮ್ಮ ಲೆಕ್ಕದಲ್ಲಿ ನೇರ ಸೋದರಮಾವ. ೧೫೬೦ರಲ್ಲಿ, ಇಪ್ಪತ್ತೊಂದು ವರ್ಷದ ಹುಡುಗನಿಗೆ ಮಾವ ಕಾರ್ಡಿನಲ್ ಪದವಿ ಕೊಟ್ಟ. ಇದಕ್ಕಿಂತ ಶುದ್ಧವಾದ ಸ್ವಜನಪಕ್ಷಪಾತ ಬೇರೊಂದಿಲ್ಲ. ಆದರೆ ಆ ಹುಡುಗ ಹಗಲಿರುಳು ದುಡಿದ. ಟ್ರೆಂಟ್ ಮಹಾಸಭೆಯ ಕೊನೆಯ ಅಧಿವೇಶನಗಳು ಮುಗಿಯುವಂತೆ ಮಾಡುವುದರಲ್ಲಿ ಅವನ ಪಾಲು ದೊಡ್ಡದು. ಮಾವ ತೀರಿಕೊಂಡ ಮೇಲೆ ರೋಮಿನ ವೈಭವವನ್ನು ಬಿಟ್ಟು ತನ್ನ ಧರ್ಮಪ್ರಾಂತವಾದ ಮಿಲಾನಿನಲ್ಲಿ ನೆಲೆಸಿದ. ೧೫೭೬ರಲ್ಲಿ ಮಿಲಾನಿಗೆ ಪ್ಲೇಗು ಬಂದಾಗ ಅಧಿಕಾರಿಗಳು ಊರು ಬಿಟ್ಟರು, ಅವನು ಬಿಡಲಿಲ್ಲ. ರೋಗಿಗಳ ನಡುವೆ ಓಡಾಡಿದ. ೧೬೧೦ರಲ್ಲಿ ಅವನನ್ನು ಸಂತನೆಂದು ಘೋಷಿಸಿದರು.

ಹಾಗಾದರೆ ಮಾವ ಮಾಡಿದ್ದು ಸರಿಯಾಯಿತೆ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿದೆ. ಬೀಜ ಬಿತ್ತುವಾಗ ಮಾಡಿದ ತಪ್ಪು ಬೆಳೆ ಚೆನ್ನಾಗಿ ಬಂದ ಮಾತ್ರಕ್ಕೆ ಅಳಿಸಿಹೋಗುವುದೆ? ಪಯಸ್ಸನಿಗೆ ತನ್ನ ಅಳಿಯ ಸಂತನಾಗುತ್ತಾನೆಂದು ಗೊತ್ತಿರಲಿಲ್ಲ. ಗೊತ್ತಿದ್ದುದು ಅವನು ತನ್ನ ತಂಗಿಯ ಮಗ ಎಂಬುದಷ್ಟೆ. ಆ ಸ್ಥಾನಕ್ಕೆ ಬರಬಹುದಾಗಿದ್ದ, ಯಾರ ಅಳಿಯನೂ ಆಗಿಲ್ಲದ, ಮತ್ತೊಬ್ಬ ಯೋಗ್ಯನ ಹೆಸರು ಚರಿತ್ರೆಯಲ್ಲಿ ಇಲ್ಲ. ಇಂಥ ಆಯ್ಕೆಗಳಲ್ಲಿ ಆಯ್ಕೆಯಾದವನ ಜೀವನಚರಿತ್ರೆ ಉಳಿಯುತ್ತದೆ, ಆಗದವನದು ಉಳಿಯುವುದಿಲ್ಲ.

ಹದಿನೇಳನೆಯ ಶತಮಾನಕ್ಕೆ ಬರುವ ಹೊತ್ತಿಗೆ ಮಾಡುವವರ ಮನಸ್ಸಿನಲ್ಲೇ ಅಳುಕು ಹುಟ್ಟಿತ್ತು. ೧೬೨೩ರಿಂದ ೧೬೪೪ರವರೆಗೆ ಆಳಿದ ಬಾರ್ಬೆರೀನಿ ಮನೆತನದ ಎಂಟನೆಯ ಅರ್ಬನ್ ತನ್ನ ಒಬ್ಬ ತಮ್ಮನನ್ನೂ ಇಬ್ಬರು ಸೋದರಪುತ್ರರನ್ನೂ ಕಾರ್ಡಿನಲ್ ಮಾಡಿದ. ಮೂರನೆಯ ಸೋದರಪುತ್ರ ತದ್ದೆಯೊನನ್ನು ಪಲೆಸ್ತ್ರೀನ ಎಂಬ ಸಂಸ್ಥಾನಕ್ಕೆ ಒಡೆಯನನ್ನಾಗಿ ಮಾಡಿದ. ಮುಪ್ಪಿನಲ್ಲಿ ಅವನಿಗೆ ತಾನು ಮಾಡಿದ್ದು ಪಾಪವೇನೋ ಎಂಬ ಚಿಂತೆ ಹತ್ತಿತು. ಪಂಡಿತರ ಒಂದು ಸಮಿತಿಯನ್ನು ಕೂಡಿಸಿ ವಿಚಾರಿಸಿದ. ದೊರೆಯಾದವನು ತನ್ನ ಮನೆತನಕ್ಕೆ ಒಂದು ಮಿತಿಯೊಳಗೆ ಆಸ್ತಿ ಮಾಡಿಕೊಡುವುದು ತಪ್ಪಲ್ಲವೆಂದು ಪಂಡಿತರು ಅಭಿಪ್ರಾಯ ಕೊಟ್ಟರು. ಪ್ರಶ್ನೆ ಕೇಳಿದವನೇ ಅನ್ನದಾತನಾದಾಗ ಪಂಡಿತರು ಬೇರೆ ಏನು ಹೇಳಿಯಾರು? ಅವನು ಸತ್ತ ಮೇಲೆ ಮುಂದಿನ ಪೋಪ್ ಲೆಕ್ಕ ಕೇಳತೊಡಗಿದ. ಬಾರ್ಬೆರೀನಿ ಸೋದರರು ಫ್ರಾನ್ಸಿಗೆ ಓಡಿಹೋಗಬೇಕಾಯಿತು.

ಇನ್ನೂ ಮನಮುಟ್ಟುವ ಕಥೆ ಏಳನೆಯ ಅಲೆಕ್ಸಾಂಡರನದು. ೧೬೫೫ರಲ್ಲಿ ಪೋಪನಾದಾಗ ಅವನು ತನ್ನ ಬಂಧುಗಳಾರೂ ಸಿಯೆನ ಪಟ್ಟಣ ಬಿಟ್ಟು ರೋಮಿಗೆ ಬರಕೂಡದೆಂದು ಅಪ್ಪಣೆ ಮಾಡಿದ. ಜನ ಕೊಂಡಾಡಿದರು. ಆದರೆ ಸುತ್ತಲಿನವರಿಗೆ ಸಮಾಧಾನವಿರಲಿಲ್ಲ. ಪೋಪನ ಒಡಹುಟ್ಟಿದವರು ಸಾಮಾನ್ಯರಂತೆ ಬದುಕುವುದು ಪೀಠಕ್ಕೆ ಗೌರವವಲ್ಲ ಎಂದರು ಕೆಲವರು. ಸೋದರಳಿಯನಿಲ್ಲದಿದ್ದರೆ ನಮ್ಮ ಮಾತನ್ನು ಯಾರಲ್ಲಿ ಹೇಳೋಣ ಎಂದರು ರಾಯಭಾರಿಗಳು. ಬಂಧುಗಳನ್ನು ಕರೆಸದಿರುವುದೇ ಪಾಪ ಎಂದವರೂ ಇದ್ದರು! ಒಂದು ವರ್ಷ ತಡೆದು ನೋಡಿ, ೧೬೫೬ರ ಏಪ್ರಿಲಿನಲ್ಲಿ ಅವನು ಕಾರ್ಡಿನಲ್ಲರ ಸಭೆಯಲ್ಲಿ ವಿಷಯವೆತ್ತಿದ, ಬಂಧುಗಳು ಬಂದರು, ಸೋದರಪುತ್ರ ಫ್ಲಾವಿಯೊ ಕೀಜಿ ಮರುವರ್ಷ ಕಾರ್ಡಿನಲ್ ಆದ. ಸ್ವಜನಪಕ್ಷಪಾತವನ್ನು ಮಾಡುವವನು ಒಬ್ಬನೇ ಅಲ್ಲ, ಅವನಿಂದ ಮಾಡಿಸುವವರು ಸುತ್ತ ಹತ್ತು ಜನ ಇರುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಈ ಅಲೆಕ್ಸಾಂಡರ್ ತೀರಿಕೊಂಡ ವರ್ಷ, ೧೬೬೭ರಲ್ಲಿ, ಒಂದು ಪುಸ್ತಕ ಹೊರಬಂತು. ಬರೆದವನು ಗ್ರೆಗೋರಿಯೊ ಲೇತಿ. ಮಿಲಾನಿನಲ್ಲಿ ಹುಟ್ಟಿ, ಕೆಥೊಲಿಕ್ ಪಂಥ ಬಿಟ್ಟು, ಜಿನೀವಾದಲ್ಲಿ ನೆಲೆಸಿದ್ದ ಚುರುಕು ಲೇಖಣಿಯ ಮನುಷ್ಯ. ಪುಸ್ತಕದ ಹೆಸರು ‘ಇಲ್ ನಿಪೊತಿಸ್ಮೊ ದಿ ರೋಮ’, ಎಂದರೆ ರೋಮಿನ ಸೋದರಳಿಯಗಾರಿಕೆ. ಲೇತಿಯನ್ನು ನಂಬಿಕಸ್ಥ ಇತಿಹಾಸಕಾರನೆನ್ನಲಾಗದು. ಸುದ್ದಿಯನ್ನೂ ಗಾಳಿಮಾತನ್ನೂ ಬೆರೆಸಿ ರುಚಿಯಾಗಿ ಬಡಿಸುವವನು ಅವನು. ರೋಮಿನವರು ಅವನ ಬರಹವನ್ನು ನಿಷೇಧಿಸಿದರು. ಆದರೂ ಪುಸ್ತಕ ಯುರೋಪಿನಲ್ಲೆಲ್ಲ ಹರಡಿತು. ಎರಡೇ ವರ್ಷಗಳಲ್ಲಿ, ೧೬೬೯ರಲ್ಲಿ, ಇಂಗ್ಲಿಷಿಗೆ ಅನುವಾದವಾಯಿತು. ಹದಿನೇಳನೆಯ ಶತಮಾನದ ಈ ಉತ್ತರಾರ್ಧದಲ್ಲಿಯೇ ‘ನೆಪೊಟಿಸಂ’ ಎಂಬ ಶಬ್ದ ಇಂಗ್ಲಿಷಿನಲ್ಲಿ ಬೇರೂರಿದ್ದು. ಮೊದಲು ಅದು ಪೋಪರಿಗೆ ಮಾತ್ರ ಅನ್ವಯಿಸುತ್ತಿತ್ತು. ಆಮೇಲೆ ಮಂತ್ರಿಗಳಿಗೆ, ಅಧಿಕಾರಿಗಳಿಗೆ, ವ್ಯಾಪಾರದ ಒಡೆಯರಿಗೆ, ಎಲ್ಲರಿಗೂ ಹಬ್ಬಿತು. ಸೋದರಳಿಯ ಹಿಂದೆ ಸರಿದು ಮಗ, ಮಗಳು, ಭಾವಮೈದುನ ಎಲ್ಲರೂ ಆ ಶಬ್ದದೊಳಗೆ ನುಸುಳಿದರು. ನಾಮಪದ ನೆಲೆಗೊಂಡ ಮೇಲೆ ಅದರಿಂದ ‘ನೆಪೊಟಿಸ್ಟಿಕ್’ ಎಂಬ ವಿಶೇಷಣ ಹುಟ್ಟಿತು.

ಇಲ್ಲಿ ನಡೆದದ್ದು ಏನು? ನಡತೆ ಹೊಸದಲ್ಲ, ಇನ್ನೂರು ವರ್ಷದಿಂದ ನಡೆದು ಬಂದದ್ದು. ಹೊಸದಾದದ್ದು ಹೆಸರು. ‘ಸೋದರಳಿಯ’ ಎಂಬ ನಂಟಿನ ಶಬ್ದಕ್ಕೆ ಒಂದು ಬಾಲವನ್ನು ಹಚ್ಚಿ, ಅದನ್ನೊಂದು ರೋಗದ ಹೆಸರಿನಂತೆ ನುಡಿದ ಕೂಡಲೇ ಜನರಿಗೆ ಅದನ್ನು ಬೆರಳಿಟ್ಟು ತೋರಿಸಲು ಸಾಧ್ಯವಾಯಿತು. ಹೆಸರಿಲ್ಲದ ದೋಷವನ್ನು ಯಾರೂ ತಿದ್ದಲಾರರು.

ತಿದ್ದಿದವರೂ ರೋಮಿನವರೇ ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ೧೬೭೬ರಲ್ಲಿ ಪೀಠವೇರಿದ ಹನ್ನೊಂದನೆಯ ಇನೊಸೆಂಟ್ ತನ್ನ ಸೋದರಪುತ್ರನಿಗೆ ಆಡಳಿತದಲ್ಲಿ ಯಾವ ಅಧಿಕಾರವನ್ನೂ ಕೊಡಲಿಲ್ಲ. ಈ ಪದ್ಧತಿಯನ್ನೇ ನಿಷೇಧಿಸಲು ಹೊರಟ, ಕಾರ್ಡಿನಲ್ಲರ ಒಪ್ಪಿಗೆ ದೊರೆಯಲಿಲ್ಲ. ಹನ್ನೆರಡನೆಯ ಇನೊಸೆಂಟ್ ೧೬೯೨ರ ಜೂನ್ ತಿಂಗಳಿನಲ್ಲಿ ಅದನ್ನು ಸಾಧಿಸಿದ. ಪೋಪನಾದವನು ಬಂಧುಗಳಿಗೆ ಚರ್ಚಿನ ಆಸ್ತಿಯನ್ನೂ ಹುದ್ದೆಯನ್ನೂ ಆದಾಯವನ್ನೂ ಕೊಡಕೂಡದು. ನಿಜವಾಗಿ ಯೋಗ್ಯನಾದವನಿದ್ದರೆ ಒಬ್ಬನನ್ನು ಮಾತ್ರ ಕಾರ್ಡಿನಲ್ ಮಾಡಬಹುದು, ಅವನ ಆದಾಯಕ್ಕೂ ಮಿತಿಯುಂಟು ಎಂದು ಶಾಸನ ಮಾಡಿದ. ಕಾರ್ಡಿನಲ್ಲರೂ ಅದಕ್ಕೆ ಬದ್ಧರಾಗಬೇಕಾಯಿತು. ‘ಕಾರ್ಡಿನಲ್ ಸೋದರಳಿಯ’ನ ಕೆಲಸವೆಲ್ಲ ಕ್ರಮೇಣ ರಾಜ್ಯ ಕಾರ್ಯದರ್ಶಿಯ ಕೈಗೆ ಬಂತು. ಈ ಪೋಪ್ ಬಡವರನ್ನೇ ತನ್ನ ಸೋದರಳಿಯಂದಿರೆಂದು ಕರೆಯುತ್ತಿದ್ದನಂತೆ. ಲ್ಯಾಟೆರನ್ ಅರಮನೆಯಲ್ಲಿ ನಿರ್ಗತಿಕರಿಗೆ ಆಶ್ರಯ ಕೊಟ್ಟದ್ದನ್ನು ನೋಡಿದರೆ ಅದು ಬರಿಯ ಮಾತಲ್ಲವೆನಿಸುತ್ತದೆ. ಬಂಧುಪ್ರೀತಿಯನ್ನು ಅವನು ಕೊಲ್ಲಲಿಲ್ಲ. ಅದರ ವಿಳಾಸವನ್ನು ಬದಲಾಯಿಸಿದ.

ಶ್ರೋತೃಗಳೇ, ಈಗ ನನ್ನ ಸ್ವಂತ ಕಾರಣಕ್ಕೆ ಬರುತ್ತೇನೆ. ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಾನು ಒಂದು ಕಾಲೇಜಿನಲ್ಲಿ ಕನ್ನಡ ವಿಭಾಗದ ಮುಖ್ಯಸ್ಥನಾಗಿದ್ದೆ. ಒಂದು ಅಧ್ಯಾಪಕ ಹುದ್ದೆಗೆ ಸಂದರ್ಶನ. ಬಂದವರಲ್ಲಿ ನನ್ನ ಅಕ್ಕನ ಮಗನೂ ಇದ್ದ. ಅವನ ಸರದಿ ಬಂದಾಗ ನಾನು ಎದ್ದು ಹೊರಗೆ ಹೋದೆ. ನ್ಯಾಯವಾಗಿ ನಡೆದೆನೆಂಬ ಹೆಮ್ಮೆಯಿಂದಲೇ ಹೋದೆ. ಜಗಲಿಯ ಬೆಂಚಿನ ಮೇಲೆ ಒಬ್ಬ ಹುಡುಗಿ ಕುಳಿತಿದ್ದಳು. ಸ್ವಲ್ಪ ಹೊತ್ತಿಗೆ ಮುಂಚೆ ಅವಳು ಒಳಗೆ ಪಂಪನ ಕರ್ಣನ ವಿಚಾರವಾಗಿ ಮಾತಾಡಿದ್ದಳು. ಅಷ್ಟು ಚೆನ್ನಾಗಿ ಆ ದಿನ ಬೇರೆ ಯಾರೂ ಮಾತಾಡಿರಲಿಲ್ಲ. ನನ್ನನ್ನು ಕಂಡು ಎದ್ದು ನಿಂತಳು. ನಾನು ಒಳಗೆ ಮರಳಿದಾಗ ಸಮಿತಿಯ ಹಿರಿಯರು ನಗುತ್ತ ಹೇಳಿದರು: ‘ನಿಮಗೇಕೆ ಸಂಕೋಚ, ಮೇಷ್ಟ್ರೇ? ನಿಮ್ಮ ಹುಡುಗ ಚೆನ್ನಾಗಿಯೇ ಹೇಳಿದ. ನಾವೇ ತೀರ್ಮಾನಿಸಿದ್ದೇವೆ.’ ಪಟ್ಟಿಯನ್ನು ನನ್ನ ಕಡೆಗೆ ಸರಿಸಿದರು. ಮೊದಲ ಹೆಸರು ಅವನದು. ನಾನು ಒಂದು ಮಾತು ಹೇಳಬಹುದಾಗಿತ್ತು. ಹೇಳಲಿಲ್ಲ. ರುಜು ಹಾಕಿದೆ.

ಮುಂದಿನ ಭಾನುವಾರ ಅಕ್ಕ ಹೋಳಿಗೆ ಮಾಡಿ ಕರೆದಳು. ‘ತಮ್ಮ ಅಂತ ಒಬ್ಬ ಇದ್ದದ್ದು ಸಾರ್ಥಕವಾಯಿತು ಕಣೋ’ ಎಂದಳು. ನಾನೇನೂ ಮಾಡಲಿಲ್ಲವಲ್ಲ ಅಕ್ಕ ಎಂದೆ. ಅವಳು ನಂಬಲಿಲ್ಲ. ಅವಳು ನಂಬದಿದ್ದುದೇ ಸರಿ ಎಂದು ಈಗ ನನಗೆ ತೋರುತ್ತದೆ.

ಅಳಿಯ ಒಳ್ಳೆಯ ಅಧ್ಯಾಪಕನೇ ಆದ. ವಿದ್ಯಾರ್ಥಿಗಳು ಅವನನ್ನು ಪ್ರೀತಿಸುತ್ತಾರೆ. ಅದರಿಂದ ನನಗೆ ಸಂತೋಷವಿದೆ. ಆದರೆ ಕಾರ್ಲೊ ಬೊರೊಮೆಯೊನ ಕಥೆಯನ್ನು ಓದಿದಾಗಿನಿಂದ ಆ ಸಂತೋಷವನ್ನು ಉತ್ತರವೆಂದು ಮುಂದಿಡಲು ನಾಚಿಕೆಯಾಗುತ್ತದೆ. ಈ ಭಾಷಣದಲ್ಲಿ ಇದನ್ನು ಹೇಳಲೇ ಎಂದು ಅವನನ್ನೇ ಕೇಳಿದೆ. ಅವನಿಗೆ ಆ ದಿನದ ಕಥೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಹೇಳಿ ಮಾವ’ ಎಂದ. ಮತ್ತೆ ಕೇಳಿದ: ‘ಆ ಹುಡುಗಿಯ ಹೆಸರೇನು?’

ನನಗೆ ನೆನಪಿರಲಿಲ್ಲ.

ನಮ್ಮ ಕನ್ನಡದ ‘ಸ್ವಜನಪಕ್ಷಪಾತ’ ಎಂಬ ಶಬ್ದವನ್ನು ನಾನು ಬಹುಕಾಲ ಕೇವಲ ಅನುವಾದದ ಶಬ್ದವೆಂದು ತಿಳಿದಿದ್ದೆ. ಈಗ ಹಾಗನಿಸುವುದಿಲ್ಲ. ಇಂಗ್ಲಿಷ್ ಶಬ್ದ ಲಾಭ ಪಡೆದವನ ಹೆಸರನ್ನು ಹೇಳುತ್ತದೆ. ನಮ್ಮ ಶಬ್ದ ಕೊಟ್ಟವನಲ್ಲಿ ಏನಾಯಿತು ಎಂಬುದನ್ನು ಹೇಳುತ್ತದೆ. ‘ಪಕ್ಷ’ ಎಂದರೆ ಬದಿ, ‘ಪಾತ’ ಎಂದರೆ ಬೀಳುವುದು. ತನ್ನವರ ಬದಿಗೆ ಬೀಳುವುದು. ಬೀಳುವುದಕ್ಕೆ ಯಾರೂ ತಳ್ಳಬೇಕಾಗಿಲ್ಲ, ನಾವೂ ಹೆಚ್ಚಿನದೇನನ್ನೂ ಮಾಡಬೇಕಾಗಿಲ್ಲ. ನೆಟ್ಟಗೆ ನಿಲ್ಲಬೇಕಾದ ಕ್ಷಣದಲ್ಲಿ ನಿಲ್ಲದಿದ್ದರೆ ಸಾಕು. ಮನೆಯಲ್ಲಿ ಅಕ್ಕನ ಮಗನ ಕಡೆಗೆ ವಾಲುವುದು ಪ್ರೀತಿ. ಅದಿಲ್ಲದ ಬಾಳು ಬರಡು. ಆದರೆ ಮನೆಯ 
ಹೊಸಿಲು ದಾಟಿ ಊರಿನ ಪಾತ್ರೆಗೆ ಕೈ ಹಾಕಿದ ಮೇಲೆ, ಕೊನೆಯ ಪಂಕ್ತಿಯಲ್ಲಿ ಹೆಸರು ಗೊತ್ತಿಲ್ಲದೆ ಕುಳಿತವರೂ ನಮ್ಮ ಅಳಿಯಂದಿರೇ, ನಮ್ಮ ಸೊಸೆಯರೇ. ಬಡಿಸುವ ಕೈ ಅವರೆಲೆಯವರೆಗೂ ಚಾಚಬೇಕು.